ಪಾಲಕರ ಕೈ ಬೇಕು, ಬಾಯಿ ಬೇಡ

ನಮ್ಮ ಸರ್ಕಾರಿ ಶಾಲೆಗಳಲ್ಲಿ ಪಾಠದ ಹಲಗೆಗಿಂತ ಹೆಚ್ಚು ಕಡೆ ಬರೆದಿರುವ ಪದ ಒಂದಿದೆ: ಕೊಡುಗೆ. ನೀರಿನ ಟ್ಯಾಂಕಿನ ಮೇಲೆ ಒಬ್ಬರ ಹೆಸರು, ಧ್ವಜದ ಕಟ್ಟೆಯ ಮೇಲೆ ಇನ್ನೊಬ್ಬರದು, ಊಟದ ತಟ್ಟೆಯ ಅಂಚಿನಲ್ಲಿ ಮತ್ತೊಬ್ಬರದು. ಟ್ಯೂಬ್‌ಲೈಟಿನ ಮೇಲೂ ಹೆಸರು ಬರೆಸಿ ಬೆಳಕನ್ನೇ ಅರ್ಧ ಮುಚ್ಚಿದ ದಾನಿಗಳಿದ್ದಾರೆ. 2018ರಲ್ಲಿ ರಿಷಬ್ ಶೆಟ್ಟಿಯವರ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ಬಂದಾಗ ಹೆಸರು ಕೇಳಿಯೇ ನಾವೆಲ್ಲ ನಕ್ಕೆವು, ಆ ಫಲಕ ನಮ್ಮ ನಮ್ಮ ಊರಿನಲ್ಲೂ ಇತ್ತು. ಆದರೆ ಸಿನಿಮಾದಲ್ಲಿ ಮುಚ್ಚಿದ ಶಾಲೆಯ ಬಾಗಿಲು ತೆರೆಸುವುದು ರಾಮಣ್ಣ ರೈಗಳ ಕೊಡುಗೆಯಲ್ಲ. ಮಕ್ಕಳು ಕೋರ್ಟಿಗೆ ಹೋಗಿ ಕೇಳುತ್ತಾರೆ, ಬಾಗಿಲು ತೆರೆಯುತ್ತದೆ.

ಕೊಡುವುದು ಮತ್ತು ಕೇಳುವುದು. ‘ಶಾಲೆ ಮತ್ತು ಸಮುದಾಯದ ಬಾಂಧವ್ಯ’, ‘ಪಾಲಕರ ಸಹಭಾಗಿತ್ವ’, ‘ಸ್ವಯಂಸೇವೆ’ ಎಂದೆಲ್ಲ ನಾವು ಮಾತಾಡುವಾಗ ಈ ಎರಡರಲ್ಲಿ ಮೊದಲನೆಯದನ್ನು ಮಾತ್ರ ಉಳಿಸಿಕೊಂಡು ಎರಡನೆಯದನ್ನು ಮೆಲ್ಲಗೆ ಹೊರಗೆ ಹಾಕಿದ್ದೇವೆ ಎಂಬುದು ನನ್ನ ತಕರಾರು. ಪಾಲಕರು ಬಂದು ಕಾಂಪೌಂಡಿಗೆ ಸುಣ್ಣ ಬಳಿಯಲಿ, ಗಿಡ ನೆಡಲಿ, ರಾಷ್ಟ್ರೀಯ ಹಬ್ಬದ ದಿನ ಸಿಹಿ ಹಂಚಲಿ. ಎರಡು ವರ್ಷದಿಂದ ಗಣಿತದ ಮೇಷ್ಟ್ರು ಯಾಕಿಲ್ಲ ಎಂದು ಮಾತ್ರ ಕೇಳಬಾರದು. ಕೇಳಿದವನು ಊರಿನಲ್ಲಿ ‘ರಾಜಕೀಯ ಮಾಡುವವನು’ ಆಗುತ್ತಾನೆ.

ಕಾನೂನು ಹೇಳುವುದು ಇದರ ತದ್ವಿರುದ್ಧ. ಕರ್ನಾಟಕದಲ್ಲಿ ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನಂತೆ 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ಅಂದರೆ ಎಲ್ಲರ ಬಾಯಲ್ಲಿರುವ ಎಸ್‌ಡಿಎಂಸಿಗಳು, ಹುಟ್ಟಿದವು. ಹೆಸರಿನಲ್ಲಿಯೇ ‘ಮೇಲುಸ್ತುವಾರಿ’ ಇದೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಇನ್ನೂ ಮುಂದೆ ಹೋಯಿತು. ಅದರ 21ನೇ ಕಲಂ ಪ್ರಕಾರ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪಾಲಕರೇ ಆಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರಿರಬೇಕು, ದುರ್ಬಲ ವರ್ಗದ ಮಕ್ಕಳ ಪಾಲಕರಿಗೆ ತಕ್ಕ ಪ್ರಮಾಣದ ಸ್ಥಾನ ಸಿಗಬೇಕು. ಶಾಲೆಗೆ ಬಂದ ಹಣ ಹೇಗೆ ಖರ್ಚಾಯಿತೆಂದು ನೋಡುವುದು ಸಮಿತಿಯ ಕೆಲಸ. 22ನೇ ಕಲಂ ಪ್ರಕಾರ ಸಮಿತಿ ಶಾಲಾಭಿವೃದ್ಧಿ ಯೋಜನೆಯೊಂದನ್ನು ತಯಾರಿಸಬೇಕು; ಸರ್ಕಾರ ಕೊಡುವ ಅನುದಾನಕ್ಕೆ ಆ ಯೋಜನೆಯೇ ಆಧಾರವಾಗಬೇಕು.

ಕೊನೆಯ ಮಾತನ್ನು ಇನ್ನೊಮ್ಮೆ ಓದಿ. ಊರಿನ ಕೂಲಿಕಾರರು, ಬೀಡಿ ಕಟ್ಟುವವರು, ಕುರಿ ಕಾಯುವವರು ಕೂತು ನಮ್ಮ ಶಾಲೆಗೆ ಇಂತಿಂಥದ್ದು ಬೇಕೆಂದು ಬರೆಯುತ್ತಾರೆ. ಸರ್ಕಾರ ಅದನ್ನು ನೋಡಿ ಹಣ ಬಿಡುಗಡೆ ಮಾಡುತ್ತದೆ. ಕಾಯ್ದೆಯ ಕಲ್ಪನೆ ಇದು. ನಡೆಯುತ್ತಿರುವುದು ಏನು? ಯೋಜನೆಯ ನಮೂನೆ ಮೇಲಿನಿಂದ ಬರುತ್ತದೆ. ಮುಖ್ಯ ಶಿಕ್ಷಕರು ಗಡುವಿನ ಹಿಂದಿನ ದಿನ ಅದನ್ನು ತುಂಬುತ್ತಾರೆ. ಅಧ್ಯಕ್ಷರು ಸಹಿ ಮಾಡುತ್ತಾರೆ.

ಸಹಿಯ ವಿಚಾರ ನನಗೆ ಸ್ವಲ್ಪ ಹತ್ತಿರದ್ದು. ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ನನ್ನವ್ವ ಸಮಿತಿಯ ಸದಸ್ಯೆ. ಅವಳು ಸಭೆಗೆ ಹೋದದ್ದನ್ನು ನಾನು ಕಂಡಿಲ್ಲ. ನಡಾವಳಿ ಪುಸ್ತಕವೇ ನಮ್ಮ ಮನೆಗೆ ಬರುತ್ತಿತ್ತು. ಹೊತ್ತು ತರುತ್ತಿದ್ದವನು ನಾನು. ಅವ್ವ ಸೆರಗಿಗೆ ಕೈ ಒರೆಸಿಕೊಂಡು, ಮೇಷ್ಟ್ರು ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ ಕಡೆ ಹೆಸರು ಬರೆಯುತ್ತಿದ್ದಳು. ‘ಏನೈತಿ ಇದರಾಗ?’ ಎಂದು ಒಮ್ಮೆ ಕೇಳಿದ್ದಳು. ಓದಿ ಹೇಳಲು ನನಗೆ ಆ ಕೈಬರಹ ತಿಳಿಯಲಿಲ್ಲ. ಈಗ ಸಂಶೋಧನೆಗೆಂದು ಬೇರೆ ಬೇರೆ ಊರುಗಳ ಇಂಥ ಪುಸ್ತಕಗಳನ್ನು ತಿರುವಿ ಹಾಕುತ್ತೇನೆ. ‘ಸರ್ವಾನುಮತದಿಂದ ತೀರ್ಮಾನಿಸಲಾಯಿತು’ ಎಂಬ ವಾಕ್ಯ ಪುಟಪುಟದಲ್ಲೂ ಸಿಗುತ್ತದೆ. ಯಾರೋ ಒಬ್ಬರು ಎದ್ದುನಿಂತು ಬೇಡ ಎಂದ ವಾಕ್ಯಕ್ಕಾಗಿ ಪುಟ ಮಗುಚುತ್ತಲೇ ಇರಬೇಕು.

ಪಾಲಕರಿಗೆ ಆಸಕ್ತಿ ಇಲ್ಲ ಎಂದು ಶಿಕ್ಷಕರು ಹೇಳುತ್ತಾರೆ, ಅಧಿಕಾರಿಗಳು ಹೇಳುತ್ತಾರೆ, ತರಬೇತಿ ಕೊಡುವ ಸಂಸ್ಥೆಗಳೂ ಹೇಳುತ್ತವೆ. ಸಭೆಯನ್ನು ಎಷ್ಟು ಗಂಟೆಗೆ ಕರೆಯುತ್ತೀರಿ ಎಂದು ಅವರನ್ನು ಕೇಳಬೇಕು. ವಾರದ ನಡುವೆ, ಬೆಳಿಗ್ಗೆ ಹನ್ನೊಂದಕ್ಕೆ. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ. ಮಗನ ಶಾಲೆಯ ಸಭೆಗೆ ಬರುವ ತಾಯಿ ಆ ದಿನದ ಕೂಲಿಯನ್ನು ಬಿಟ್ಟು ಬರಬೇಕು. ಬಂದು ಹಿಂದಿನ ಬೆಂಚಿನಲ್ಲಿ ಕೂತು ಮೊದಲೇ ಬರೆದಿಟ್ಟ ತೀರ್ಮಾನಕ್ಕೆ ಸಹಿ ಹಾಕಬೇಕು. ಅವಳು ಬರದೇ ಇರುವುದಕ್ಕೆ ನಿರಾಸಕ್ತಿ ಎನ್ನಬಾರದು, ಲೆಕ್ಕ ಎನ್ನಬೇಕು. ತಿಂಗಳ ಸಂಬಳ ಕಡಿತವಾಗದೆ ಸಭೆ ಮಾಡುವ ನಮ್ಮಂಥವರಿಗೆ ಆ ಲೆಕ್ಕ ಕಾಣುವುದಿಲ್ಲ, ಅಷ್ಟೆ.

ಅದೇ ತಾಯಿಯಿಂದ ಹಣ ಕೇಳುವುದಕ್ಕೆ ಮಾತ್ರ ವ್ಯವಸ್ಥೆಗೆ ಸಂಕೋಚ ಇರಲಿಲ್ಲ. 2022ರ ಅಕ್ಟೋಬರಿನಲ್ಲಿ ಶಿಕ್ಷಣ ಇಲಾಖೆಯಿಂದ ಒಂದು ಸುತ್ತೋಲೆ ಹೊರಟಿತು: ಎಸ್‌ಡಿಎಂಸಿಗಳು ಪಾಲಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು. ಸ್ವಇಚ್ಛೆಯ ದೇಣಿಗೆ ಎಂಬ ಮಾತೂ ಅದರಲ್ಲಿತ್ತು. ಮೇಷ್ಟ್ರ ಮುಂದೆ ಮಗು ನಿಂತಿರುವಾಗ ತಂದೆಯ ಸ್ವಇಚ್ಛೆ ಎಷ್ಟು ಸ್ವಂತದ್ದು ಎಂದು ಯಾರೂ ವಿವರಿಸಬೇಕಾಗಿಲ್ಲ. ಗದ್ದಲವಾಯಿತು, ಕೆಲವೇ ದಿನಗಳಲ್ಲಿ ಸುತ್ತೋಲೆ ವಾಪಸಾಯಿತು. ಆದರೆ ಆ ಯೋಚನೆ ವಾಪಸಾಗಿಲ್ಲ. ಸರ್ಕಾರಗಳು ಬದಲಾದರೂ ‘ನನ್ನ ಶಾಲೆ ನನ್ನ ಕೊಡುಗೆ’, ‘ನಮ್ಮ ಶಾಲೆ ನಮ್ಮ ಜವಾಬ್ದಾರಿ’ ಎಂಬ ಹೆಸರುಗಳು ಒಂದರ ಹಿಂದೊಂದು ಬರುತ್ತವೆ. ‘ನಮ್ಮ ಶಾಲೆ ನಮ್ಮ ಅಧಿಕಾರ’ ಎಂಬ ಯೋಜನೆ ಮಾತ್ರ ನಾನು ಕಂಡಿಲ್ಲ.

ಇಲ್ಲಿ ಹರೇಕಳ ಹಾಜಬ್ಬನವರ ಹೆಸರು ಬರಲೇಬೇಕು. ಮಂಗಳೂರಿನಲ್ಲಿ ಕಿತ್ತಳೆ ಮಾರಿದ ದುಡ್ಡಿನಲ್ಲಿ ತಮ್ಮೂರು ನ್ಯೂಪಡ್ಪುವಿನಲ್ಲಿ ಶಾಲೆ ಕಟ್ಟಿಸಿದ ಅವರಿಗೆ 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಬರಿಗಾಲಲ್ಲಿ ರಾಷ್ಟ್ರಪತಿ ಭವನದಲ್ಲಿ ಪ್ರಶಸ್ತಿ ಪಡೆದ ಅವರ ಚಿತ್ರ ನೋಡಿ ನಾವೆಲ್ಲ ಕಣ್ಣು ಒರೆಸಿಕೊಂಡೆವು. ಸರಿಯೇ. ಆದರೆ ಅವರ ಕಥೆಯಿಂದ ನಾವು ಎತ್ತಿಕೊಂಡದ್ದು ದಾನದ ಭಾಗವನ್ನು ಮಾತ್ರ. ಶಾಲೆ ಮಂಜೂರು ಮಾಡಿಸಲು, ತರಗತಿ ಹೆಚ್ಚಿಸಲು ಅವರು ವರ್ಷಗಟ್ಟಲೆ ಕಚೇರಿಯಿಂದ ಕಚೇರಿಗೆ ಅಲೆದ ಭಾಗ ನಮ್ಮ ಭಾಷಣಗಳಲ್ಲಿ ಇರುವುದಿಲ್ಲ. ಹಾಜಬ್ಬ ಕೊಟ್ಟವರು ಹೌದು. ಅದಕ್ಕಿಂತ ಹೆಚ್ಚಾಗಿ ಬಿಡದೆ ಕೇಳಿದವರು. ಒಂದು ಊರಿಗೆ ಶಾಲೆ ಬರಲು ಕಿತ್ತಳೆ ಮಾರುವ ಬಡವನೊಬ್ಬ ಜೀವಮಾನ ತೇಯಬೇಕಾಯಿತು ಎಂಬುದು ಅವರಿಗೆ ಗೌರವ, ನಮಗೆ ಅವಮಾನ. ನಾವು ಎರಡಕ್ಕೂ ಒಂದೇ ಚಪ್ಪಾಳೆ ತಟ್ಟಿ ಮುಗಿಸಿದೆವು.

ಸ್ವಯಂಸೇವಕರದೂ ಇದೇ ಕಥೆ. ಶನಿವಾರ ಬೆಂಗಳೂರಿನಿಂದ ಒಂದು ಬಸ್ಸು ಹೊರಡುತ್ತದೆ. ಒಂದೇ ಬಣ್ಣದ ಟೀ-ಶರ್ಟು ತೊಟ್ಟವರು ಇಳಿದು ಶಾಲೆಯ ಗೋಡೆಗೆ ರೈಲಿನ ಚಿತ್ರ ಬಿಡಿಸುತ್ತಾರೆ. ಕೋಣೆಗಳು ಬೋಗಿಗಳಾಗುತ್ತವೆ, ಮಕ್ಕಳು ಖುಷಿಪಡುತ್ತಾರೆ. ನನಗೂ ಆ ರೈಲು ಇಷ್ಟ. ಆದರೆ ಐದು ತರಗತಿಗೆ ಇಬ್ಬರು ಶಿಕ್ಷಕರಿರುವ ಶಾಲೆಯಲ್ಲಿ ಆ ರೈಲು ಎಲ್ಲಿಗೂ ಹೋಗುವುದಿಲ್ಲ. ಮಂಜೂರಾದ ಹುದ್ದೆಗಳಲ್ಲಿ ಖಾಲಿ ಇರುವುದು ನೂರಕ್ಕೆ ಹತ್ತನ್ನು ಮೀರಬಾರದು ಎಂದು ಶಿಕ್ಷಣ ಹಕ್ಕು ಕಾಯ್ದೆಯ 26ನೇ ಕಲಂ ಹೇಳುತ್ತದೆ. ಮಗುವಿನ ಹಕ್ಕಿಗೆ ಚ್ಯುತಿಯಾದರೆ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು, ಮೂರು ತಿಂಗಳೊಳಗೆ ಅದು ಇತ್ಯರ್ಥವಾಗಬೇಕು ಎಂದು 32ನೇ ಕಲಂ ಹೇಳುತ್ತದೆ. ಆ ಬಸ್ಸಿನಲ್ಲಿ ಬಂದ ನಲವತ್ತು ಪದವೀಧರರಲ್ಲಿ ಇಬ್ಬರು ಬಣ್ಣದ ಡಬ್ಬಿ ಕೆಳಗಿಟ್ಟು, ಸಮಿತಿಯ ತಾಯಂದಿರ ಜೊತೆ ಕೂತು ಒಂದು ಅರ್ಜಿ ಬರೆದಿದ್ದರೆ? ಅದರ ಫೋಟೊ ಚೆನ್ನಾಗಿ ಬರುವುದಿಲ್ಲ ಎಂಬುದು ನಿಜ.

ಪಾಲಕರಿಗೆ ಅಧಿಕಾರ ಕೊಡಿ ಎನ್ನುವ ನಾನು ಅವರನ್ನು ಹೂವಿನ ಪಲ್ಲಕ್ಕಿಯಲ್ಲಿ ಕೂರಿಸುತ್ತಿದ್ದೇನೆ ಎಂದು ಓದುಗರಿಗೆ ಅನ್ನಿಸಬಹುದು. ‘ಸಮುದಾಯ’ ಎಂಬ ಮೆತ್ತನೆಯ ಪದದೊಳಗೆ ಏನೇನಿದೆ ಎಂದು ಇತಿಹಾಸ ಓದುವ ಯಾರಿಗಾದರೂ ಗೊತ್ತು. 1856ರಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಲು ಮಹಾರ್ ಜಾತಿಯ ಹುಡುಗನೊಬ್ಬ ಅರ್ಜಿ ಹಾಕಿದ. ಮುಂಬಯಿ ಸರ್ಕಾರ ಅವನನ್ನು ಸೇರಿಸಿಕೊಳ್ಳಲಿಲ್ಲ. ನ್ಯಾಯ ಹುಡುಗನ ಕಡೆಗಿದೆ ಎಂದು ಒಪ್ಪಿಕೊಂಡೂ, ಒಬ್ಬನಿಗಾಗಿ ಶಾಲೆಯನ್ನು ಉಳಿದವರಿಗೆ ಬೇಡವಾಗಿಸಲು ಆಗದು ಎಂಬ ಸಬೂಬು ಕೊಟ್ಟಿತು. ಅಂದರೆ ಉಳಿದ ಪಾಲಕರು ಮಕ್ಕಳನ್ನು ಬಿಡಿಸಿಕೊಂಡುಬಿಡುತ್ತಾರೆ ಎಂಬ ಹೆದರಿಕೆ. ಆ ಹುಡುಗನನ್ನು ಹೊರಗಿಟ್ಟದ್ದೂ ಒಂದು ಬಗೆಯ ‘ಪಾಲಕರ ಅಭಿಪ್ರಾಯ’ವೇ. ಅದು ಹಳೆಯ ಕಾಲ ಎಂದು ಸಮಾಧಾನ ಪಡುವಂತಿಲ್ಲ. ದಲಿತ ಮಹಿಳೆ ಬೇಯಿಸಿದ ಬಿಸಿಯೂಟ ಬೇಡವೆಂದು ಮಕ್ಕಳ ವರ್ಗಾವಣೆ ಪತ್ರ ಕೇಳಿದ ಸುದ್ದಿಯನ್ನು ನಮ್ಮ ಕಾಲದ ಪತ್ರಿಕೆಗಳಲ್ಲೂ ಓದಿದ್ದೇವೆ. ಬಡ ಮಕ್ಕಳ ತಟ್ಟೆಯ ಮೊಟ್ಟೆಗೆ ಅಡ್ಡ ಬಂದವರಲ್ಲೂ ಪಾಲಕರಿದ್ದರು.

ಹಾಗಾದರೆ ಸಮುದಾಯವನ್ನು ಶಾಲೆಯಿಂದ ದೂರವೇ ಇಡೋಣವೇ? ನನ್ನ ಉತ್ತರ ಬೇರೆ. ಊರಿನ ಹೆಸರಿನಲ್ಲಿ ಯಾರು ಮಾತಾಡುತ್ತಾರೆ ಎಂಬುದೇ ಪ್ರಶ್ನೆ. ದಾನದ ಮೇಲೆ ನಿಂತ ಶಾಲೆಯಲ್ಲಿ ದೊಡ್ಡ ದಾನಿಯ ಮಾತೇ ಊರಿನ ಮಾತಾಗುತ್ತದೆ. ಟ್ಯಾಂಕು ಕೊಟ್ಟವನು ಅಡುಗೆಯವಳು ಯಾರಿರಬೇಕೆಂದೂ ಹೇಳುತ್ತಾನೆ. ಹಕ್ಕಿನ ಮೇಲೆ ನಿಂತ ಶಾಲೆಯಲ್ಲಿ ಕೇರಿಯ ತಾಯಿಗೂ ಗೌಡರ ಮನೆಯ ತಂದೆಗೂ ಒಂದೊಂದೇ ಕುರ್ಚಿ. ಕಾಯ್ದೆ ಮಹಿಳೆಯರಿಗೆ ಅರ್ಧ ಸ್ಥಾನ ಮತ್ತು ದುರ್ಬಲ ವರ್ಗಕ್ಕೆ ತಕ್ಕ ಪಾಲು ಎಂದು ಬರೆದದ್ದು ಅಲಂಕಾರಕ್ಕಲ್ಲ. ಧಾರವಾಡದ ಆ ಹುಡುಗನ ತಂದೆ ಅಂದು ಶಾಲೆಯ ಸಮಿತಿಯಲ್ಲಿ ಕೂತಿದ್ದರೆ ಎಂದು ಊಹಿಸಿದರೆ ಸಾಕು, ಅದರ ಅರ್ಥ ಹೊಳೆಯುತ್ತದೆ.

ಸಾಹಿತ್ಯ ಓದುವ, ಬರೆಯುವ ನಮ್ಮ ಬಳಗದ ಬಗ್ಗೆಯೂ ಒಂದು ಮಾತು. 2019ರ ಜನವರಿಯಲ್ಲಿ, ಅದೇ ಧಾರವಾಡದಲ್ಲಿ, 84ನೇ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆಯುವ ಸರ್ಕಾರದ ನಿರ್ಧಾರಕ್ಕೆ ಅಲ್ಲಿ ಜೋರಾದ ವಿರೋಧ ಬಂತು. ಕನ್ನಡದಲ್ಲಿ ಕಲಿತು ಕನ್ನಡದಲ್ಲೇ ಸಂಶೋಧನೆ ಮಾಡುತ್ತಿರುವ ನನಗೆ ಆ ಕಳಕಳಿ ಅರ್ಥವಾಗುತ್ತದೆ. ಮೊದಲ ಕಲಿಕೆ ಮನೆಯ ಮಾತಿನಲ್ಲಿ ಆಗಬೇಕೆಂದೇ ನನ್ನ ನಂಬಿಕೆ. ಆದರೆ ಆ ಚರ್ಚೆಯಲ್ಲಿ ಸರ್ಕಾರಿ ಶಾಲೆಯ ಪಾಲಕರು ಬಂದದ್ದು ಇಂಗ್ಲಿಷ್ ವ್ಯಾಮೋಹಕ್ಕೆ ಬಿದ್ದ ಅಮಾಯಕರಾಗಿ ಮಾತ್ರ. ಅವರನ್ನು ಕರೆದು ಕೂರಿಸಿ, ನಿಮ್ಮ ಮಗುವಿನ ಬಗ್ಗೆ ನಿಮ್ಮ ಭಯ ಏನು ಎಂದು ಯಾರೂ ಕೇಳಲಿಲ್ಲ. ಇದಕ್ಕೂ ಮೊದಲು, 2014ರ ಮೇ ತಿಂಗಳಲ್ಲಿ, ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಕರ್ನಾಟಕದ ಮೊಕದ್ದಮೆಯಲ್ಲೇ ತೀರ್ಪು ಕೊಟ್ಟಿತ್ತು: ಮಗುವಿನ ಕಲಿಕೆಯ ಮಾಧ್ಯಮವನ್ನು ಆಯ್ದುಕೊಳ್ಳುವ ಸ್ವಾತಂತ್ರ್ಯ ಪಾಲಕರದು, ಸರ್ಕಾರ ಮಾತೃಭಾಷೆಯನ್ನು ಹೇರುವಂತಿಲ್ಲ. ದುಡ್ಡಿರುವ ಪಾಲಕರಿಗೆ ಆ ತೀರ್ಪು ಬಾಗಿಲು ತೆರೆಯಿತು, ಅವರು ಹೊರಟುಹೋದರು. ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಂ ಹೇಳುವ ಸಮಿತಿ ಅನುದಾನರಹಿತ ಖಾಸಗಿ ಶಾಲೆಗೆ ಕಡ್ಡಾಯವೂ ಅಲ್ಲ. ಅಲ್ಲಿ ಅವರು ಗಿರಾಕಿಗಳು, ಸೇರದಿದ್ದರೆ ಅಂಗಡಿ ಬದಲಿಸಬಹುದು. ಸರ್ಕಾರಿ ಶಾಲೆಯಲ್ಲಿ ಉಳಿದವರಿಗೆ ಹೋಗಲು ಬೇರೆ ಅಂಗಡಿ ಇಲ್ಲ. ಅವರಿಗೆ ಇರುವುದು ಬಾಯಿ ಒಂದೇ.

ಕನ್ನಡ ಶಾಲೆ ಉಳಿಯಬೇಕು ಎನ್ನುವವರು ಆ ಬಾಯಿಗೆ ಬಲ ಕೊಡುವ ಕೆಲಸ ಮಾಡಬೇಕು. ಸಭೆ ಸಂಜೆ ಏಳರ ನಂತರ ಅಥವಾ ಸಂತೆಯ ರಜೆಯ ದಿನ ನಡೆಯಲಿ. ಹಗಲಲ್ಲೇ ಕರೆಯಬೇಕಾದರೆ ಸದಸ್ಯರಿಗೆ ಒಂದು ದಿನದ ಕೂಲಿ ಕೊಡಲಿ. ಅಧಿಕಾರಿಗೆ ಪ್ರಯಾಣ ಭತ್ಯೆ ಕೊಡುವ ಸರ್ಕಾರಕ್ಕೆ ಇದು ಹೊರೆಯಾಗದು. ಶಾಲೆಗೆ ಬಂದ ಹಣದ ಲೆಕ್ಕ, ಖಾಲಿ ಹುದ್ದೆಯ ಸಂಖ್ಯೆ ದಾನಿಗಳ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಗೋಡೆಯ ಮೇಲಿರಲಿ. ಶಾಲಾಭಿವೃದ್ಧಿ ಯೋಜನೆಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಲಿ. ಪಕ್ಕದೂರಿನ ದೊಡ್ಡ ಶಾಲೆಗೆ ನಮ್ಮೂರ ಶಾಲೆಯನ್ನು ಸೇರಿಸುವ ಮೊದಲು ಪಾಲಕರ ಒಪ್ಪಿಗೆ ಕೇಳಲಿ. ಒಪ್ಪದಿದ್ದರೆ ಆ ‘ಇಲ್ಲ’ ನಡಾವಳಿಯಲ್ಲಿ ದಾಖಲಾಗಲಿ.

ಇದನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಬಹಳಷ್ಟು ಮಂದಿ ಸರ್ಕಾರಿ ಶಾಲೆಯಿಂದ ಬಂದವರೇ. ಹಳೆಯ ವಿದ್ಯಾರ್ಥಿಗಳ ಸಂಘದವರು ಫೋನು ಮಾಡಿ ಬೀರುವಿಗೋ ಬೆಂಚಿಗೋ ದುಡ್ಡು ಕೇಳುತ್ತಾರೆ. ಕೊಡುವ ಮನಸ್ಸಿದ್ದರೆ ಕೊಡಿ. ಕೊಡುವ ಮೊದಲು, ಈ ಬೀರು ಸರ್ಕಾರದಿಂದ ಯಾಕೆ ಬರಲಿಲ್ಲ, ಕೇಳಿ ಬರೆದ ಪತ್ರ ಎಲ್ಲಿದೆ ಎಂದು ವಿಚಾರಿಸಿ. ಪತ್ರ ಬರೆದೇ ಇಲ್ಲವಾದರೆ ಊರಿಗೆ ಹೋದಾಗ ಸಮಿತಿಯವರ ಜೊತೆ ಅರ್ಧ ದಿನ ಕೂತು ಬರೆದುಕೊಡಿ. ನಡಾವಳಿ ಪುಸ್ತಕವನ್ನು ಅಲ್ಲಿರುವ ತಾಯಂದಿರಿಗೆ ಓದಿ ಹೇಳಿ, ಆಮೇಲೆ ಸಹಿ ಹಾಕಲಿ. ಅದಕ್ಕೆ ಯಾರೂ ನಿಮ್ಮ ಹೆಸರನ್ನು ಬೀರುವಿನ ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ಬರೆಸುವುದಿಲ್ಲ. ಇಲಾಖೆಯ ಕಚೇರಿಯ ಸ್ವೀಕೃತಿ ಮುದ್ರೆ ಬಿದ್ದ ಒಂದು ಪ್ರತಿ ಮಾತ್ರ ಶಾಲೆಯ ಕಡತದಲ್ಲಿ ಉಳಿಯುತ್ತದೆ. ಮುಂದಿನ ಸಭೆಯಲ್ಲಿ ಯಾರಾದರೂ ಅದನ್ನು ಎತ್ತಿ ಹಿಡಿದು, ಇದಕ್ಕೆ ಉತ್ತರ ಎಲ್ಲಿ ಎಂದು ಕೇಳಬಹುದು.