‘ಎರಡನೇ’ ಪಾಸ್‌ಪೋರ್ಟ್ ಎಂಬ ಮೊದಲ ಸುಳ್ಳು

ದುಡ್ಡು ಕೊಟ್ಟು ಕೆರಿಬಿಯನ್ ದ್ವೀಪಗಳ ಪೌರತ್ವ ಕೊಳ್ಳುವುದು ನಮ್ಮವರಿಗೆ ನಷ್ಟದ ಬಾಬತ್ತು ಎಂದಿದ್ದಕ್ಕೆ ಗೆಳೆಯರು ಕೆಲವರು ಸಿಡಿಮಿಡಿಗೊಂಡಿದ್ದಾರೆ. ಅವರ ಮಾತುಗಳನ್ನೇ ಒಂದೊಂದಾಗಿ ನೋಡೋಣ.

‘ಭಾರತದ ಪಾಸ್‌ಪೋರ್ಟ್ ಬೀರುವಿನಲ್ಲಿರಲಿ, ಇದೂ ಜೊತೆಗಿರಲಿ.’ ಇರುವುದಿಲ್ಲ ಸ್ವಾಮಿ. 1955ರ ಪೌರತ್ವ ಕಾಯ್ದೆಯ 9ನೇ ಕಲಂ ಪ್ರಕಾರ, ಸ್ವಇಚ್ಛೆಯಿಂದ ಬೇರೆ ದೇಶದ ಪ್ರಜೆಯಾದವರ ಭಾರತೀಯ ಪೌರತ್ವ ತಾನಾಗಿ ಕಳಚಿಹೋಗುತ್ತದೆ. ಹಳೆಯ ಪಾಸ್‌ಪೋರ್ಟನ್ನು ಒಪ್ಪಿಸಲೇಬೇಕು. ಅದನ್ನಿಟ್ಟುಕೊಂಡು ಓಡಾಡಿದರೆ ಅಪರಾಧ. ‘ಎರಡನೇ ಪೌರತ್ವ’ ಎಂಬುದು ದಲ್ಲಾಳಿಗಳ ಮಾತು. ನಮ್ಮ ಮಟ್ಟಿಗೆ ಇದು ಹಳೆಬಟ್ಟೆ ಕೊಟ್ಟು ಸ್ಟೀಲ್ ಪಾತ್ರೆ ತರುವ ವ್ಯಾಪಾರ. ಅದೂ ಕೆರಿಬಿಯನ್ ದ್ವೀಪ ಡೊಮಿನಿಕಾದ ಪಾತ್ರೆಗೆ ಒಬ್ಬರಿಗೆ ಕನಿಷ್ಠ 2 ಲಕ್ಷ ಡಾಲರ್!

‘ಪೌರತ್ವ ಬಿಟ್ಟ ಭಾರತೀಯರಿಗೆ ಒಸಿಐ ಕಾರ್ಡ್ ಇದೆಯಲ್ಲ?’ ಇದೆ. ಆದರೆ ಮತ ಹಾಕುವಂತಿಲ್ಲ. ಸಕಲೇಶಪುರದಲ್ಲಿ ಅಪ್ಪ ಬಿಟ್ಟುಹೋದ ಕಾಫಿ ತೋಟ ಕೈಗೆ ಬಂದೀತು. ಅದರ ಬೇಲಿಯಾಚೆಯ ಎರಡೆಕರೆ ಮಾರಾಟಕ್ಕೆ ಬಂದರೆ ಕೊಳ್ಳುವಂತಿಲ್ಲ.

‘ನೂರಾರು ದೇಶಕ್ಕೆ ವೀಸಾ ಬೇಡ’ ಎಂಬುದೇ ಅವರ ದೊಡ್ಡ ಅಸ್ತ್ರ. ಮಾರುವವರು ಹೇಳದೆ ಬಿಡುವ ಸಂಗತಿಯೂ ಅಲ್ಲೇ ಇದೆ. ದ್ವೀಪದವರು ಮಾರುವುದು ತಮ್ಮ ಪೌರತ್ವವನ್ನು. ವೀಸಾ ರಿಯಾಯಿತಿ ಅವರ ಸ್ವತ್ತಲ್ಲ, ಕೊಟ್ಟ ದೇಶ ಯಾವಾಗ ಬೇಕಾದರೂ ಹಿಂಪಡೆಯಬಹುದು. ಪಡೆದದ್ದೂ ಉಂಟು. ಸೇಂಟ್ ಕಿಟ್ಸ್ ಒಂದು ಕಾಲಕ್ಕೆ ಹುಟ್ಟೂರನ್ನೇ ನಮೂದಿಸದ ಪಾಸ್‌ಪೋರ್ಟ್ ಹಂಚಿತ್ತು. ಯಾರು ಎಲ್ಲಿಯವರೆಂದು ತಿಳಿಯದ ಕೆನಡಾ 2014ರಲ್ಲಿ ಆ ದೇಶದವರಿಗೆಲ್ಲ ವೀಸಾ ಕಡ್ಡಾಯ ಮಾಡಿತು. ಡೊಮಿನಿಕಾ ಮತ್ತು ಹೀಗೆಯೇ ಪೌರತ್ವ ಮಾರುವ ಪೆಸಿಫಿಕ್ ದ್ವೀಪದೇಶ ವನವಾಟು ಪ್ರಜೆಗಳಿಗೆ 2023ರ ಜುಲೈನಲ್ಲಿ ಬ್ರಿಟನ್ ಬಾಗಿಲು ಹಾಕಿತು. ವನವಾಟುವಿಗಿದ್ದ ರಿಯಾಯಿತಿಯನ್ನು ಐರೋಪ್ಯ ಒಕ್ಕೂಟ ಮೊದಲು ಅಮಾನತಿನಲ್ಲಿಟ್ಟು, 2024ರ ಡಿಸೆಂಬರ್‌ನಲ್ಲಿ ರದ್ದೇ ಮಾಡಿತು. ಕೊಂಡವರ ದುಡ್ಡು ಯಾರೂ ವಾಪಸ್ ಕೊಡಲಿಲ್ಲ. ಪಾಪ, ದುಡ್ಡನ್ನೇ ನೋಡದ ಅಲ್ಲಿನ ಮೀನುಗಾರನೂ ವೀಸಾ ಸಾಲಿಗೆ ಬಿದ್ದ.

‘ಹಾಗಾದರೆ ಮಾಲ್ಟಾ?’ ಅಲ್ಲಿನ ಪೌರತ್ವ ಮಾರಾಟ ಕಾನೂನುಬಾಹಿರವೆಂದು ಐರೋಪ್ಯ ನ್ಯಾಯಾಲಯ 2025ರ ಏಪ್ರಿಲ್‌ನಲ್ಲೇ ತೀರ್ಪಿತ್ತಿದೆ.

‘ಷೆಂಗೆನ್ ವೀಸಾಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್ ಹಿಡಿದು ನಿಲ್ಲುವ ಅವಮಾನ ನಿಮಗೇನು ಗೊತ್ತು?’ ಗೊತ್ತು, ನಾನೂ ನಿಂತವನೇ. ಈ ಮಾತಿಗೆ ನನ್ನಲ್ಲಿ ಉತ್ತರವಿಲ್ಲ, ಒಪ್ಪುತ್ತೇನೆ. ಆದರೆ ಇದನ್ನು ಕೇಳಿದವರ ಮಗಳಿರುವುದು ನ್ಯೂಜೆರ್ಸಿಯಲ್ಲಿ. ಮೊಮ್ಮಗುವನ್ನು ನೋಡಲು ಹೊರಟರೆ ಡೊಮಿನಿಕಾ ಪಾಸ್‌ಪೋರ್ಟಿನವರಿಗೂ ಅಮೆರಿಕದ ವೀಸಾ ಬೇಕು.