ನೊಣವಿನಕೆರೆಯ ಕಲಾವಿದೆ ಮತ್ತು ಬರೆಯದೆ ಉಳಿದ ಪಾತ್ರಗಳು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆ ಕನ್ನಡ ಚಿತ್ರರಂಗಕ್ಕೆ ಇಬ್ಬರು ಅಪರೂಪದ ಕಲಾವಿದರನ್ನು ಕೊಟ್ಟಿದೆ. ಹಾಸ್ಯ ಚಕ್ರವರ್ತಿ ನರಸಿಂಹರಾಜು ತಿಪಟೂರಿನವರು. 1957ರಲ್ಲಿ ಜನಿಸಿದ ಉಮಾಶ್ರೀ ಅದೇ ತಾಲ್ಲೂಕಿನ ನೊಣವಿನಕೆರೆಯವರು. ಇಬ್ಬರನ್ನೂ ಚಿತ್ರರಂಗ ಮುಖ್ಯವಾಗಿ ನಗಿಸಲೆಂದೇ ಬಳಸಿಕೊಂಡಿತು. ಆದರೆ ಆ ನಗುವಿಗೆ ಸಂದ ಮರ್ಯಾದೆ ಒಂದೇ ಆಗಿರಲಿಲ್ಲ. ನರಸಿಂಹರಾಜು ಅವರಿಗೆ ನಾಯಕನ ಸರಿಸಮ ಜನಪ್ರೀತಿ ದೊರೆಯಿತು. 1984ರ ‘ಅನುಭವ’ ಚಿತ್ರದಿಂದ ಗುರುತಿಸಿಕೊಂಡ ಉಮಾಶ್ರೀ ಅವರ ಪಾಲಿಗೆ ಬಹುಕಾಲ ಬಂದದ್ದು ದ್ವಂದ್ವಾರ್ಥದ ಸಂಭಾಷಣೆ ಮತ್ತು ಬಜಾರಿಯ ವೇಷ.

ಅವರೊಳಗಿನ ನಿಜವಾದ ನಟಿಯನ್ನು ಕಂಡದ್ದು ರಂಗಭೂಮಿ. ದೇವನೂರ ಮಹಾದೇವರ ‘ಒಡಲಾಳ’ದ ಸಾಕವ್ವನಾಗಿ, ಕಳೆದುಹೋದ ಹುಂಜವನ್ನು ಹುಡುಕುವ ದಲಿತ ಮುದುಕಿಯ ಹಸಿವು, ಸಿಟ್ಟು, ವಾತ್ಸಲ್ಯಗಳಿಗೆ ಅವರು ಜೀವ ತುಂಬಿದರು. ಬೆಳ್ಳಿತೆರೆಯಲ್ಲಿ ಅಂಥ ಅವಕಾಶ ಬಂದದ್ದು ಐವತ್ತರ ಆಸುಪಾಸಿನಲ್ಲಿ. ವೈದೇಹಿ ಅವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿ ನಿರ್ದೇಶಿಸಿದ ‘ಗುಲಾಬಿ ಟಾಕೀಸ್’ನಲ್ಲಿ ಸಿನಿಮಾ ಹುಚ್ಚಿನ ಮುಸ್ಲಿಂ ಸೂಲಗಿತ್ತಿಯಾಗಿ ಅಭಿನಯಿಸಿ, 2008ನೇ ಸಾಲಿನ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಪಡೆದರು. ಎರಡೂ ಪಾತ್ರಗಳು ಸಾಹಿತ್ಯದಿಂದ ಬಂದವು ಎಂಬುದು ಗಮನಾರ್ಹ. ಕೊರತೆ ಇದ್ದದ್ದು ಪ್ರತಿಭೆಯದಲ್ಲ, ಪಾತ್ರದ್ದು.

ಇದು ನಮ್ಮೊಬ್ಬರ ಸಮಸ್ಯೆಯಲ್ಲ. ಆಸ್ಟ್ರೇಲಿಯಾದ ಡೆಬೊರಾ ಮೇಲ್‌ಮನ್ ಅವರ ತಂದೆ ಆ ನೆಲದ ಮೂಲನಿವಾಸಿ, ತಾಯಿ ನ್ಯೂಜಿಲೆಂಡಿನ ಮಾವೊರಿ. ‘ರೇಡಿಯನ್ಸ್’ ಚಿತ್ರದ ಅಭಿನಯಕ್ಕಾಗಿ 1998ರಲ್ಲಿ ಅವರು ಆಸ್ಟ್ರೇಲಿಯನ್ ಫಿಲ್ಮ್ ಇನ್‌ಸ್ಟಿಟ್ಯೂಟಿನ ಶ್ರೇಷ್ಠ ನಟಿ ಪ್ರಶಸ್ತಿ ಪಡೆದಾಗ, ಆ ಗೌರವಕ್ಕೆ ಪಾತ್ರರಾದ ಮೊದಲ ಮೂಲನಿವಾಸಿ ಮಹಿಳೆ ಎನಿಸಿದರು. ಆ ಚಿತ್ರದ ನಿರ್ದೇಶಕಿ ರೇಚಲ್ ಪರ್ಕಿನ್ಸ್ ಕೂಡ ಮೂಲನಿವಾಸಿ. ಪರ್ಕಿನ್ಸ್ ಸ್ಥಾಪಿಸಿದ ಸಂಸ್ಥೆಯೇ 2019ರಲ್ಲಿ ‘ಟೋಟಲ್ ಕಂಟ್ರೋಲ್’ ಧಾರಾವಾಹಿಯಲ್ಲಿ ಮೇಲ್‌ಮನ್‌ಗೆ ಸೆನೆಟರ್ ಪಾತ್ರ ನೀಡಿತು. ಇದು ಕೇವಲ ಆಕಸ್ಮಿಕವಲ್ಲ. ಮೂಲನಿವಾಸಿಗಳ ಚಿತ್ರನಿರ್ಮಾಣಕ್ಕೆ ನೆರವಾಗಲೆಂದು ಅಲ್ಲಿನ ಚಲನಚಿತ್ರ ಆಯೋಗ 1993ರಲ್ಲೇ ಪ್ರತ್ಯೇಕ ವಿಭಾಗ ತೆರೆದಿತ್ತು. ಕ್ಯಾಮೆರಾದ ಹಿಂದೆ ನಿಲ್ಲುವವರು ಬದಲಾದಾಗ ಮುಂದೆ ನಿಲ್ಲುವವರ ಪಾತ್ರವೂ ಬದಲಾಯಿತು.

ಮೇಲ್‌ಮನ್ ತೆರೆಯ ಮೇಲೆ ರಾಜಕಾರಣಿಯಾದರೆ, ಉಮಾಶ್ರೀ ನಿಜಜೀವನದಲ್ಲೇ ಆದರು. 2013ರಲ್ಲಿ ತೇರದಾಳದಿಂದ ಶಾಸಕಿಯಾಗಿ ಆಯ್ಕೆಯಾಗಿ ಸಚಿವೆಯೂ ಆದರು. ಇಂಥ ಬದುಕುಳ್ಳ ಹೆಣ್ಣನ್ನು ಕೇಂದ್ರದಲ್ಲಿಟ್ಟು ಕಥೆ ಹೇಳಿದರೆ ಪ್ರೇಕ್ಷಕರು ಒಪ್ಪುವುದಿಲ್ಲ ಎನ್ನುವುದು ಉದ್ಯಮದ ಹಳೆಯ ವಾದ. ಮೂವರು ಹೆಣ್ಣುಮಕ್ಕಳನ್ನು ಒಬ್ಬಳೇ ಸಾಕುವ ತಾಯಿಯಾಗಿ ಉಮಾಶ್ರೀ ನಟಿಸಿದ, 2021ರಲ್ಲಿ ಆರಂಭವಾದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿ ಮನೆಮಾತಾದ ಮೇಲೆ ಆ ವಾದದಲ್ಲಿ ಹುರುಳಿಲ್ಲ.

ಆಗಬೇಕಾದದ್ದು ಇಷ್ಟೆ. ಚಿತ್ರ ಸಿದ್ಧವಾದ ಮೇಲೆ ಸಹಾಯಧನ ನೀಡಿದರೆ ಸಾಲದು. ಹಳ್ಳಿಯ, ದುಡಿಯುವ ಸಮುದಾಯಗಳ ಹೊಸ ಬರಹಗಾರರಿಗೆ, ಅದರಲ್ಲೂ ಮಹಿಳೆಯರಿಗೆ, ಚಿತ್ರಕಥೆಯ ಹಂತದಲ್ಲೇ ಸರ್ಕಾರ ಮತ್ತು ಚಲನಚಿತ್ರ ಅಕಾಡೆಮಿ ಕೈಹಿಡಿಯಬೇಕು. ನಿರ್ಮಾಪಕರೂ ಕನ್ನಡ ಕಥಾಸಾಹಿತ್ಯದತ್ತ ಮತ್ತೆ ಕಣ್ಣು ಹಾಯಿಸಬೇಕು.

ತಿಪಟೂರಿನ ಸೀಮೆಯಲ್ಲಿ ಅಟ್ಟಕ್ಕೆ ಹಾಕಿದ ಕಾಯಿ ಒಂದು ವರ್ಷದೊಳಗೆ ಕೊಬ್ಬರಿಯಾಗುತ್ತದೆ. ಅದೇ ಸೀಮೆಯ ಕಲಾವಿದೆಯೊಬ್ಬರು ತಮಗೆ ತಕ್ಕ ಪಾತ್ರಕ್ಕಾಗಿ ಕಾಲು ಶತಮಾನ ಕಾಯಬೇಕಾಯಿತು. ಮುಂದೆ ಬರುವವರನ್ನು ಅಷ್ಟು ಕಾಯಿಸುವ ಹಕ್ಕು ನಮಗಿಲ್ಲ.