ಆಟವೇ ಆದರೂ ಮೋಸ ಮೋಸವೇ

ಮಕ್ಕಳು ಮೊಬೈಲ್‌ನಲ್ಲಿ ಎಷ್ಟು ಹೊತ್ತು ಆಡ್ತಾರೆ ಎಂಬ ಜಗಳ ನಮ್ಮ ಮನೆಗಳಲ್ಲಿ ದಿನಾ ಇದ್ದದ್ದೇ. ಹೇಗೆ ಆಡ್ತಾರೆ ಎಂದು ಕೇಳುವವರು ಕಡಿಮೆ. ಬಿಜಿಎಂಐಯಂಥ ಗುಂಡು ಹಾರಿಸುವ ಆಟಗಳಲ್ಲಿ 'ಹ್ಯಾಕ್' ಹಾಕಿ ಗೆಲ್ಲುವವರಿದ್ದಾರೆ. 'ಏಮ್‌ಬಾಟ್' ಹಾಕಿದರೆ ಗುರಿ ತಾನಾಗಿಯೇ ಎದುರಾಳಿಯ ಮೇಲೆ ನಿಲ್ಲುತ್ತದೆ. 'ವಾಲ್‌ಹ್ಯಾಕ್' ಗೋಡೆಯಾಚೆ ಅಡಗಿದವನನ್ನೂ ತೋರಿಸುತ್ತದೆ. ಇವು ದುಡ್ಡಿಗೆ ಸಿಗುತ್ತವೆ.

'ಆಟ ಅಲ್ವಾ, ಇರ್ಲಿ ಬಿಡಿ' ಅನ್ನುವವರು ಒಂದು ಘಟನೆ ಗಮನಿಸಬೇಕು. 2018ರಲ್ಲಿ ಚೀನಾದ ಶಾಂಘೈಯಲ್ಲಿ ನಡೆದ ಕೌಂಟರ್ ಸ್ಟ್ರೈಕ್ ಪಂದ್ಯಾವಳಿಯಲ್ಲಿ ಭಾರತದ ಒಬ್ಬ ಆಟಗಾರ ಹ್ಯಾಕ್ ಬಳಸಿ ಸಿಕ್ಕಿಬಿದ್ದ. ಅವನಿಗೆ 5 ವರ್ಷ ನಿಷೇಧ ಬಿತ್ತು. ಇಡೀ ತಂಡ ಪಂದ್ಯಾವಳಿಯಿಂದ ಹೊರಬಿತ್ತು, ಆಮೇಲೆ ತಂಡವೇ ಮುಚ್ಚಿಹೋಯಿತು. ತಪ್ಪು ಮಾಡಿದ್ದು ಒಬ್ಬ, ಬೀದಿಗೆ ಬಿದ್ದದ್ದು ಐವರು.

ಕಂಪೆನಿಗಳು ಕೈಕಟ್ಟಿ ಕುಳಿತಿಲ್ಲ. ಅವುಗಳ ಕಾವಲು ತಂತ್ರಾಂಶ ಮೋಸವನ್ನು ಹುಡುಕುತ್ತದೆ. ಸಿಕ್ಕಿಬಿದ್ದವರ ಖಾತೆಯನ್ನು, ಕೆಲವೊಮ್ಮೆ ಆ ಫೋನನ್ನೇ ನಿಷೇಧಿಸುತ್ತವೆ. ಆದರೆ ಒಂದು ಹ್ಯಾಕ್ ತಡೆದರೆ ಇನ್ನೊಂದು ಹುಟ್ಟುತ್ತದೆ. ಮೇಲಾಗಿ, ಎಲ್ಲಿಂದಲೋ ಇಳಿಸಿಕೊಂಡ ಹ್ಯಾಕ್ ಫೈಲ್‌ನೊಂದಿಗೆ ವೈರಸ್ಸೂ ಬರಬಹುದು. ಉಮ್ಮನ ಫೋನ್‌ನಲ್ಲೇ ಮಗ ಆಡುವುದು, ಗಲ್ಫ್‌ನಿಂದ ಉಪ್ಪ ಕಳಿಸಿದ ಹಣದ ಬ್ಯಾಂಕ್ ಆ್ಯಪ್ ಇರುವುದೂ ಅದರಲ್ಲೇ.

ಬ್ಯಾರಿ ಎಂಬ ಹೆಸರೇ ವ್ಯಾಪಾರದಿಂದ ಬಂದದ್ದು ಅಂತಾರೆ ಹಿರಿಯರು. ತಕ್ಕಡಿಯ ನಂಬಿಕೆಯೇ ನಮ್ಮ ಬಂಡವಾಳ. ಅಳತೆ ತೂಕದಲ್ಲಿ ವಂಚಿಸುವವರನ್ನು ಎಚ್ಚರಿಸಲು ಕುರ್‌ಆನ್‌ನಲ್ಲಿ ಒಂದು ಸೂರಃವೇ ಇದೆ, ಅಲ್ ಮುತಫ್ಫಿಫೀನ್. ಒದ್ದೆ ಧಾನ್ಯವನ್ನು ರಾಶಿಯ ಅಡಿಯಲ್ಲಿಟ್ಟು ಮಾರುತ್ತಿದ್ದವನನ್ನು ಪ್ರವಾದಿ (ಸ) ತರಾಟೆಗೆ ತೆಗೆದುಕೊಂಡದ್ದು ಮದ್ರಸದ ಮಕ್ಕಳಿಗೂ ಗೊತ್ತು. ಕಾಣದ ಹಾಗೆ ಅಡಗಿಸಿ ಗೆಲ್ಲುವ ಹ್ಯಾಕ್ ಅದೇ ಒದ್ದೆ ಧಾನ್ಯ ಅಲ್ಲವೇ? ಇದನ್ನು ಮಕ್ಕಳಿಗೆ ಬಿಡಿಸಿ ಹೇಳುವವರು ಬೇಕು.

ಇಶಾ ನಮಾಝಿನ ಬಳಿಕ ಹತ್ತು ನಿಮಿಷ ಮಗನ ಪಕ್ಕ ಕೂತು ಆಟ ನೋಡಿ. ಬೈಯಬೇಡಿ, ಕೇಳಿ. ಹೊರಗಿನ ಫೈಲ್ ಇದ್ದರೆ ತೆಗೆಸಿ. ಎದುರಿನವ ಮೋಸ ಮಾಡಿದರೆ ತಾನೂ ಹ್ಯಾಕ್ ಹುಡುಕುವ ಬದಲು 'ರಿಪೋರ್ಟ್' ಒತ್ತಲು ಕಲಿಸಿ. ಉಸ್ತಾದರೂ ಪಾಠದ ನಡುವೆ ಈ ಮಾತು ತರಲಿ. ಸೋತರೂ ನೇರವಾಗಿ ಆಡಿದ ಹುಡುಗ ನಾಳೆ ಅಂಗಡಿಯಲ್ಲೂ ನೇರವಾಗಿಯೇ ತೂಗುತ್ತಾನೆ.